ಸಾಕ್ಷಿಯ ಮಾತು ಕೇಳಿಸಿಕೊಳ್ಳುವುದನ್ನೂ ಕಲಿಸಿ: ಕರಾವಳಿಯಿಂದ ಒಂದು ಬಹಿರಂಗ ಪತ್ರ

ಕರ್ನಾಟಕ ಉಚ್ಚ ನ್ಯಾಯಾಲಯದ ಗೌರವಾನ್ವಿತ ಮುಖ್ಯ ನ್ಯಾಯಮೂರ್ತಿಗಳಿಗೆ ಮತ್ತು ಕರ್ನಾಟಕ ನ್ಯಾಯಾಂಗ ಅಕಾಡೆಮಿಯ ಹೊಣೆ ಹೊತ್ತ ಹಿರಿಯರಿಗೆ,

ಉಡುಪಿಯಿಂದ ನಮಸ್ಕಾರಗಳು.

‘ಬತ್ತೆ, ಪೆಟ್ಟ್ ಕೊರಿಯೆ.’

ಇಪ್ಪತ್ತು ವರ್ಷಗಳ ಹಿಂದೆ ದಕ್ಷಿಣ ಕನ್ನಡ, ಉಡುಪಿ ಈ ಎರಡು ಜಿಲ್ಲೆಗಳ ಒಂದು ಕೋರ್ಟಿನ ಸಾಕ್ಷಿ ಕಟ್ಟೆಯಲ್ಲಿ ನಿಂತು, ಮರದಿಂದ ಕಳ್ಳು ಇಳಿಸುವ ಮೂರ್ತೆದಾರರೊಬ್ಬರು ಹೇಳಿದ ಮಾತು ಇದು. ವಯಸ್ಸು ಅರವತ್ತರ ಹತ್ತಿರ. ಪೆಟ್ಟು ತಿಂದವರು ಅವರೇ, ದೂರು ಕೊಟ್ಟವರೂ ಅವರೇ. ತುಳು ಬಲ್ಲವರಿಗೆ ಅದರ ಅರ್ಥ ಸ್ಪಷ್ಟವಾಗಿತ್ತು: ಅವನು ಬಂದ, ಪೆಟ್ಟು ಕೊಟ್ಟ. ಆದರೆ ತುಳುವಿನಲ್ಲಿ ‘ನಾನು ಕೊಟ್ಟೆ’ ಎನ್ನುವುದೂ ‘ಕೊರಿಯೆ’, ‘ಅವನು ಕೊಟ್ಟ’ ಎನ್ನುವುದೂ ‘ಕೊರಿಯೆ’. ವ್ಯತ್ಯಾಸವೆಲ್ಲ ಕೊನೆಯ ಸ್ವರದಲ್ಲಿದೆ. ತನ್ನ ಬಗ್ಗೆ ಹೇಳುವಾಗ ಬಾಯಿ ಸ್ವಲ್ಪ ಹೆಚ್ಚು ತೆರೆದು ‘ಎ’ ಅಗಲವಾಗುತ್ತದೆ, ಅವನ ಬಗ್ಗೆ ಹೇಳುವಾಗ ಕಿರಿದಾಗುತ್ತದೆ. ಕನ್ನಡ ಲಿಪಿಯಲ್ಲಿ ಬರೆದರೆ ಎರಡೂ ಒಂದೇ. ‘ಆಯೆ’ (ಅವನು) ಎಂದೋ ‘ಯಾನ್’ (ನಾನು) ಎಂದೋ ಸೇರಿಸಿದ್ದರೆ ಗೊಂದಲವಿರುತ್ತಿರಲಿಲ್ಲ. ಹೆದರಿ ನಿಂತ ಮನುಷ್ಯ ವ್ಯಾಕರಣ ಪೂರ್ತಿ ಮಾಡಿ ಮಾತನಾಡುವುದಿಲ್ಲ.

ಪೀಠದಲ್ಲಿದ್ದವರು ಬಯಲುಸೀಮೆಯಿಂದ ಬಂದವರು, ಪ್ರಾಮಾಣಿಕರು, ಸಂಜೆ ಏಳರವರೆಗೆ ಕೂತು ಕೆಲಸ ಮಾಡುತ್ತಿದ್ದವರು. ಕೋರ್ಟಿಗೆ ಬಂದು ಆಗಿದ್ದದ್ದು ಎರಡು ತಿಂಗಳು. ಬೆಂಚ್ ಕ್ಲರ್ಕ್ ತಾವು ತಿಳಿದಂತೆ ಕನ್ನಡಕ್ಕೆ ಹೇಳಿದರು, ಅವರಿಗೂ ತುಳು ಅಷ್ಟಕ್ಕಷ್ಟೆ. ಸಾಹೇಬರು ಉಕ್ತಲೇಖನ ಕೊಟ್ಟರು: ‘ನಾನು ಬಂದು ಪೆಟ್ಟು ಕೊಟ್ಟೆನು.’ ಬೆರಳಚ್ಚು ಮಾಡಿದವಳು ನಾನು. ತಪ್ಪು ನನ್ನ ಕಿವಿಗೆ ಕೇಳಿಸಿತ್ತು, ಬೆರಳು ನಿಲ್ಲಲಿಲ್ಲ. ತೆರೆದ ನ್ಯಾಯಾಲಯದಲ್ಲಿ ಶೀಘ್ರಲಿಪಿಗಾರ್ತಿ ಬಾಯಿ ಹಾಕಬಾರದು ಎಂಬುದನ್ನು ನೌಕರಿಗೆ ಸೇರಿದ ವಾರದಲ್ಲೇ ನನಗೆ ಕಲಿಸಿದ್ದರು. ಕೆಳಗೆ ಎಂದಿನಂತೆ ‘ಓದಿ ಹೇಳಿ ಕೇಳಲಾಗಿ ಸರಿ ಇದೆ’ ಎಂದು ಬಂತು. ಕನ್ನಡದಲ್ಲಿ ಗಡಿಬಿಡಿಯಿಂದ ಓದಿದ್ದನ್ನು ಕೇಳಿ ಅವರು ತಲೆಯಾಡಿಸಿ ಹೆಬ್ಬೆಟ್ಟು ಒತ್ತಿದರು. ತೀರ್ಪಿನಲ್ಲಿ ಆ ಒಂದು ವಾಕ್ಯ ಉಲ್ಲೇಖಗೊಂಡಿತು, ಅವರ ವಿರುದ್ಧವಾಗಿ.

ನಾನು 33 ವರ್ಷ ದಕ್ಷಿಣ ಕನ್ನಡ ಮತ್ತು ಉಡುಪಿಯ ಕೋರ್ಟುಗಳಲ್ಲಿ ಶೀಘ್ರಲಿಪಿಗಾರ್ತಿಯಾಗಿದ್ದು 2024ರ ಕೊನೆಯಲ್ಲಿ ನಿವೃತ್ತಳಾದೆ. ಕಾರ್ಬನ್ ಹಾಳೆ ಇಟ್ಟು ಟೈಪ್‌ರೈಟರ್ ಕುಟ್ಟುವ ಕಾಲದಿಂದ ಕಂಪ್ಯೂಟರಿನವರೆಗೆ ಸಾವಿರಾರು ಸಾಕ್ಷಿಗಳ ಮಾತು ನನ್ನ ಕೈಯಿಂದ ಕಾಗದಕ್ಕೆ ಇಳಿದಿದೆ. ಕಾನೂನು ಪದವಿ ನನಗಿಲ್ಲ. ಆದರೆ ಬೆಂಗಳೂರಿನ ಮೇಲ್ಮನವಿಯಲ್ಲಿ ತಾವು ಓದುವ ಸಾಕ್ಷ್ಯ ಕೆಳಗೆ ಹೇಗೆ ತಯಾರಾಗುತ್ತದೆ ಎಂಬುದನ್ನು ಹತ್ತಿರದಿಂದ ಕಂಡಿದ್ದೇನೆ. ಆ ಅನುಭವದ ಬಲದಿಂದ ಒಂದು ವಿಷಯವನ್ನು ಬಹಿರಂಗವಾಗಿಯೇ ಕೇಳುತ್ತಿದ್ದೇನೆ. ನ್ಯಾಯಾಧೀಶರ ತರಬೇತಿ ನೇಮಕವಾದ ವರ್ಷಕ್ಕೂ ಬೆಂಗಳೂರಿಗೂ ಸೀಮಿತವಾಗದಿರಲಿ. ಅವರು ಹೋಗಿ ಕೂರುವ ಊರಿನಲ್ಲಿಯೂ ಅದು ನಡೆಯಲಿ, ಅವರ ಜೊತೆ ದಾಖಲೆ ಬರೆಯುವ ನಮ್ಮಂಥವರೂ ಅದೇ ಕೋಣೆಯಲ್ಲಿ ಕೂತು ಕಲಿಯಲಿ.

ಅಕಾಡೆಮಿಯ ಪಾಠಗಳ ಮೇಲೆ ನನ್ನ ದೂರಿಲ್ಲ. ಭೋಪಾಲದ ರಾಷ್ಟ್ರೀಯ ನ್ಯಾಯಾಂಗ ಅಕಾಡೆಮಿಗೋ ಬೆಂಗಳೂರಿನ ನಮ್ಮ ಅಕಾಡೆಮಿಗೋ ಹೋಗಿ ಬಂದ ನ್ಯಾಯಾಧೀಶರ ಕೆಲಸದಲ್ಲಿ ಬದಲಾವಣೆ ಕಂಡಿದ್ದೇನೆ. 2021ರ ಮಾರ್ಚ್‌ನಲ್ಲಿ ಅಪರ್ಣಾ ಭಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಆರೋಪಿಯು ದೂರುದಾರಳಿಂದ ರಾಖಿ ಕಟ್ಟಿಸಿಕೊಳ್ಳಬೇಕೆಂಬ ಜಾಮೀನು ಷರತ್ತನ್ನು ರದ್ದುಪಡಿಸಿ, ಲಿಂಗ ಸಂವೇದನೆಯ ತರಬೇತಿ ನ್ಯಾಯಾಧೀಶರಿಗೆ ಬೇಕೇ ಬೇಕು ಎಂದಿತು. 2023ರ ಆಗಸ್ಟ್‌ನಲ್ಲಿ ಹೆಣ್ಣಿನ ಬಗ್ಗೆ ಯಾವ ಪದ ಬಳಸಬಾರದು, ಯಾವುದನ್ನು ಬಳಸಬಹುದು ಎಂಬ ಕೈಪಿಡಿಯನ್ನೇ ಹೊರತಂದಿತು. ‘ಸಂಪ್ರದಾಯಸ್ಥ ಮನೆತನದ ಹೆಣ್ಣು ಹೀಗೆ ನಡೆದುಕೊಳ್ಳಲಾರಳು’ ಎಂಬ ವಾಕ್ಯವನ್ನು ನಾನು ಎಷ್ಟು ಸಲ ಬೆರಳಚ್ಚು ಮಾಡಿದ್ದೇನೋ ಲೆಕ್ಕವಿಲ್ಲ. ಕೊನೆಯ ವರ್ಷಗಳಲ್ಲಿ ಅದು ಕಡಿಮೆಯಾಯಿತು. ಕಲಿಸಿದರೆ ಬದಲಾಗುತ್ತದೆ ಎಂಬ ನನ್ನ ನಂಬಿಕೆಗೆ ಅದೇ ಆಧಾರ.

ಆದರೆ ಕರಾವಳಿಯ ಕೋರ್ಟು ಕೇಳುವ ಕಲಿಕೆ ಇನ್ನೊಂದಿದೆ. ಇಲ್ಲಿ ಕಟಕಟೆಗೆ ಬರುವ ಮಾತು ತುಳು, ಕೊಂಕಣಿ, ಬ್ಯಾರಿ, ಕುಂದಗನ್ನಡ, ಸುಳ್ಯದ ಕಡೆಯ ಅರೆಭಾಷೆ. 2011ರ ಜನಗಣತಿಯಲ್ಲಿ ತುಳುವನ್ನು ತಾಯಿನುಡಿ ಎಂದವರೇ 18 ಲಕ್ಷಕ್ಕೂ ಹೆಚ್ಚು. ಮಲ್ಪೆಯ ಬಂದರಿನಿಂದ ಬರುವ ಸಾಕ್ಷಿ ಒಡಿಯಾ ಮಾತಾಡಿದರೂ ಈಗ ಆಶ್ಚರ್ಯವಿಲ್ಲ. ಕಾನೂನು ಇದನ್ನು ಮರೆತಿಲ್ಲ. ಸಾಕ್ಷಿ ಬೇರೆ ಭಾಷೆಯಲ್ಲಿ ನುಡಿದರೆ ಸಾಧ್ಯವಿದ್ದಲ್ಲಿ ಅದೇ ಭಾಷೆಯಲ್ಲಿ ಬರೆದುಕೊಳ್ಳಬಹುದು, ಆಗದಿದ್ದರೆ ವಿಚಾರಣೆ ನಡೆಯುತ್ತಿರುವಂತೆಯೇ ಸರಿಯಾದ ಭಾಷಾಂತರ ಸಿದ್ಧವಾಗಬೇಕು ಎಂದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 277ನೇ ಕಲಂ ಹೇಳುತ್ತಿತ್ತು. ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಅದು ಮುಂದುವರಿದಿದೆ. ದುಭಾಷಿ ಸತ್ಯವಾಗಿಯೇ ಭಾಷಾಂತರಿಸಬೇಕೆಂಬ ನಿಯಮವೂ ಇದೆ. ಆ ದುಭಾಷಿ ಯಾರು ಎಂಬುದೇ ಪ್ರಶ್ನೆ. ನಾನು ಕೆಲಸ ಮಾಡಿದ ಕಡೆಗಳಲ್ಲಿ ಆ ಹೊತ್ತಿಗೆ ಹತ್ತಿರ ಸಿಕ್ಕವರೇ ದುಭಾಷಿ: ಒಮ್ಮೆ ಜವಾನ, ಒಮ್ಮೆ ಹಿಂದಿನ ಬೆಂಚಿನಲ್ಲಿ ಕೂತ ಕಿರಿಯ ವಕೀಲರು, ಹಲವು ಸಲ ನಾನೇ. ‘ನಿಮಗೆ ತುಳು ಬರುತ್ತದಲ್ಲ, ಸ್ವಲ್ಪ ಹೇಳಿ’ ಎಂದರೆ ಆಯಿತು, ನೇಮಕ ಮುಗಿಯಿತು.

ತುಳು ಬಲ್ಲವರೆಲ್ಲ ದುಭಾಷಿಗಳಲ್ಲ. ಇದನ್ನು ನಾನು ತಪ್ಪು ಮಾಡಿಯೇ ಕಲಿತೆ. ಪಾಟಿ ಸವಾಲಿನಲ್ಲಿ ವಕೀಲರು ‘ನೀವು ಆ ದಿನ ಅಲ್ಲಿ ಇರಲೇ ಇಲ್ಲ?’ ಎಂದು ಕೇಳುತ್ತಾರೆ. ಸಾಕ್ಷಿ ‘ಅಂದ್’ ಎನ್ನುತ್ತಾರೆ. ‘ಹೌದು’ ಎಂದರ್ಥ. ಹೌದು, ಇರಲಿಲ್ಲ ಎಂದೇ, ಅಥವಾ ಹೌದು, ಇದ್ದೆ ಎಂದೇ? ನಮ್ಮ ಮಾತಿನ ರೀತಿಯಲ್ಲಿ ಸಾಮಾನ್ಯವಾಗಿ ಮೊದಲಿನದು. ಆದರೆ ದನಿ ಏರಿಸಿ ‘ಅಂದ್’ ಎಂದರೆ ಎರಡನೆಯದೂ ಆಗಬಹುದು. ಕಾಗದದ ಮೇಲೆ ಬೀಳುವುದು ‘ನಾನು ಅಲ್ಲಿ ಇರಲಿಲ್ಲ ಎಂದರೆ ಸರಿ’ ಎಂಬ ಅಚ್ಚುಕಟ್ಟಾದ ವಾಕ್ಯ. ಇಂಥ ಕಡೆ ನಿಲ್ಲಬೇಕು, ಸಾಕ್ಷಿಯನ್ನು ಮತ್ತೊಮ್ಮೆ ಕೇಳಬೇಕು, ತನಗೆ ತಿಳಿದ ಅರ್ಥವನ್ನು ಸಾಕ್ಷಿಯ ಬಾಯಿಗೆ ತುಂಬಬಾರದು. ಇದು ಕಲಿಸಿದರೆ ಮಾತ್ರ ಬರುವ ಶಿಸ್ತು. 33 ವರ್ಷಗಳಲ್ಲಿ ಯಾರೂ ನನಗೆ ಇದನ್ನು ಕಲಿಸಲಿಲ್ಲ.

ಮಕ್ಕಳ ವಿಷಯ ಬಂದಾಗ ನನಗೆ ಇಂದಿಗೂ ಸಂಕಟವಾಗುತ್ತದೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆ ಬಹಳ ಯೋಚಿಸಿ ಮಾಡಿದ ಕಾನೂನು. ವಕೀಲರು ಮಗುವನ್ನು ನೇರವಾಗಿ ಪ್ರಶ್ನಿಸುವಂತಿಲ್ಲ, ನ್ಯಾಯಾಧೀಶರ ಮೂಲಕವೇ ಕೇಳಬೇಕು. ಮಗು ಆರೋಪಿಯ ಎದುರು ಬೀಳಬಾರದು. 38ನೇ ಕಲಂ ಪ್ರಕಾರ ಅರ್ಹತೆ, ಅನುಭವ ಇರುವ ಭಾಷಾಂತರಕಾರರನ್ನು ಶುಲ್ಕ ಕೊಟ್ಟು ಕರೆಸಬಹುದು. ಬೆದರಿಸಿದರೆ ಬಾಯಿ ಬಿಡಲಾಗದ ಸಾಕ್ಷಿಗಳಿಗಾಗಿ ಪ್ರತ್ಯೇಕ ಹೇಳಿಕೆ ಕೇಂದ್ರಗಳು ಬೇಕೆಂದೂ ಅಲ್ಲಿನ ಸಿಬ್ಬಂದಿಗೆ ತರಬೇತಿ ಆಗಬೇಕೆಂದೂ ಸುಪ್ರೀಂ ಕೋರ್ಟ್ 2022ರ ಜನವರಿಯಲ್ಲಿ ನಿರ್ದೇಶಿಸಿತು. ಗೋಡೆಗೆ ಬಣ್ಣ ಬಂತು, ಗೊಂಬೆ ಬಂತು, ಪರದೆ ಬಂತು. ಅವೆಲ್ಲ ಬೇಕಾದದ್ದೇ. ಆದರೆ ಏಳು ವರ್ಷದ ಮಗು ತನ್ನ ಮೈಯ ಭಾಗಕ್ಕೆ ಅಜ್ಜಿ ಹೇಳಿಕೊಟ್ಟ ಮನೆಯ ಹೆಸರನ್ನೇ ಹೇಳುತ್ತದೆ. ಆ ಪದ ಯಾವ ನಿಘಂಟಿನಲ್ಲೂ ಇರಲಾರದು. ಒಮ್ಮೆ ಅಂಥ ಪದವನ್ನು ‘ಹೊಟ್ಟೆ’ ಎಂದು ಬರೆಸಲಾಯಿತು. ನಾನು ಮೆಲ್ಲನೆ ಎದ್ದು ಹೋಗಿ ಸಾಹೇಬರ ಕಿವಿಯಲ್ಲಿ ಹೇಳಿದೆ. ಅವರು ಸಿಟ್ಟಾಗಲಿಲ್ಲ, ಮಗುವನ್ನು ಮತ್ತೆ ಕೇಳಿ ತಿದ್ದಿಸಿದರು. ಅಂದು ಮನೆಗೆ ಹೋಗುವ ಬಸ್ಸಿನಲ್ಲಿ ಆ ಮೂರ್ತೆದಾರರ ಮುಖ ನೆನಪಾಯಿತು. ಎದ್ದು ಹೇಳಬಹುದಿತ್ತು ಎಂಬುದು ನನಗೆ ತಿಳಿಯಲು ಅಷ್ಟು ವರ್ಷ ಬೇಕಾಯಿತು.

ಮಾತಿನದು ಹೀಗಾದರೆ, ಮಣ್ಣಿನದು ಮತ್ತೂ ತೊಡಕು. 1956ರವರೆಗೆ ನಾವು ಮದ್ರಾಸಿಗೆ ಸೇರಿದ್ದವರು, ಹಳೆಯ ಕಡತಗಳೆಲ್ಲ ಆ ಕಾಲದ ಲೆಕ್ಕಾಚಾರದವು. ಮೂಲಗೇಣಿ ಎಂಬ ಶಾಶ್ವತ ಗೇಣಿ, ಅದರೊಳಗಿನ ಒಳಮೂಲಗೇಣಿ, ವರ್ಗ ಎಂಬ ಕಂದಾಯದ ಹಿಡುವಳಿ, ಕುಮ್ಕಿ, ಕಾನ, ಬಾಣೆ. ತುಮಕೂರಿನಲ್ಲೋ ಕಲಬುರಗಿಯಲ್ಲೋ ಹತ್ತು ವರ್ಷ ಸಿವಿಲ್ ದಾವೆ ನಡೆಸಿದ ನ್ಯಾಯಾಧೀಶರಿಗೂ ಈ ಪದಗಳು ಎದುರಾಗಿರುವುದಿಲ್ಲ. ಕುಮ್ಕಿ ಎಂದರೆ ವರ್ಗದಾರನ ಜಮೀನಿನಿಂದ 100 ಗಜದೊಳಗಿನ ಸರ್ಕಾರಿ ಜಾಗ. ಮಾಲೀಕತ್ವ ಸರ್ಕಾರದ್ದು, ಸೊಪ್ಪು ಸೌದೆಯಂಥ ಸವಲತ್ತು ವರ್ಗದಾರನದು. ಈ ಒಂದು ವಾಕ್ಯ ತಿಳಿಯದಿದ್ದರೆ ಗುಡ್ಡದ ಮೇಲಿನ ಬೇಲಿ ಜಗಳವೊಂದೂ ಅರ್ಥವಾಗುವುದಿಲ್ಲ. ಮೂಲಗೇಣಿದಾರರಿಗೆ ಒಡೆತನ ಕೊಡುವುದಕ್ಕೆಂದೇ 2011ರಲ್ಲಿ ರಾಜ್ಯ ಪ್ರತ್ಯೇಕ ಕಾಯ್ದೆ ಮಾಡಬೇಕಾಯಿತು ಎಂದರೆ ಈ ಕಗ್ಗಂಟು ಎಷ್ಟು ಹಳೆಯದೆಂದು ತಾವು ಊಹಿಸಬಹುದು.

ಹೆಣ್ಣಿನ ಕಡೆಯಿಂದ ಆಸ್ತಿ ಇಳಿದು ಬರುವ ಅಳಿಯಸಂತಾನದ ದಾವೆಗಳು ಕಡಿಮೆಯಾಗಿವೆ, ಮುಗಿದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೂ ಅದಕ್ಕೆ ಪ್ರತ್ಯೇಕ ಜಾಗ ಇಟ್ಟಿದೆ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯಲ್ಲಿ ‘ಕವರು’ ಎಂಬ ಪದ ಬರುತ್ತದೆ. ಒಬ್ಬ ಹೆಣ್ಣು, ಅವಳ ಮಕ್ಕಳು, ಹೆಣ್ಣಿನ ಕಡೆಯಿಂದ ಬೆಳೆದ ಸಂತತಿ ಎಲ್ಲ ಸೇರಿದ ಶಾಖೆ ಅದು. ಆ ಶಾಖೆಯಲ್ಲಿ 50 ವರ್ಷ ತುಂಬದ ಹೆಣ್ಣು ಒಬ್ಬಳಾದರೂ ಇದ್ದರೆ ಅದು ಸಂತತಿ ಕವರು, ಇಲ್ಲವಾದರೆ ನಿಸ್ಸಂತತಿ ಕವರು. ಪಾಲಿನ ಹಕ್ಕು ಪೂರ್ತಿಯದೋ ಜೀವಿತಾವಧಿಯದೋ ಎಂಬುದು ಇದರ ಮೇಲೆ ನಿಂತಿತ್ತು. ನಾನು ಕಂಡ ಒಂದು ಪಾಲಿನ ದಾವೆಯಲ್ಲಿ ಆ ಪ್ರಶ್ನೆಯನ್ನೇ ಯಾರೂ ಕೇಳಲಿಲ್ಲ. ಘಟ್ಟದ ಮೇಲಿನಿಂದ ಹೊಸದಾಗಿ ಬಂದ ಬೆರಳಚ್ಚುಗಾರ ಹುಡುಗ ಉದ್ದಕ್ಕೂ ‘ಒಂದನೇ ಕವರ್’, ‘ಎರಡನೇ ಕವರ್’ ಎಂದು ಬರೆದಿದ್ದ, ಲಕೋಟೆಗಳ ಲೆಕ್ಕವೆಂದು ತಿಳಿದಿದ್ದ. ಅವನ ತಪ್ಪೇನಿತ್ತು? ಮೇಲ್ಮನವಿಯಲ್ಲಿ ದಾವೆ ಮರುವಿಚಾರಣೆಗೆ ಹಿಂತಿರುಗಿತು. ಅಷ್ಟರಲ್ಲಿ ಎಂಟು ವರ್ಷ ಕಳೆದಿತ್ತು. ಕುಟುಂಬದ ವಂಶಾವಳಿಯನ್ನು ಬಾಯಿಪಾಠ ಹೇಳಬಲ್ಲ ಒಬ್ಬರೇ ಒಬ್ಬರು, ಆ ಮನೆಯ ಅಜ್ಜಿ, ತೀರಿಕೊಂಡಿದ್ದರು.

ತರಬೇತಿಗೆಂದು ದಿನ ಕಳೆದರೆ ಪ್ರಕರಣಗಳು ಬಾಕಿ ಉಳಿಯುತ್ತವೆ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಆ ಎಂಟು ವರ್ಷ ನೆನಪಾಗುತ್ತದೆ.

ನ್ಯಾಯಾಧೀಶರು ತಾವಾಗಿಯೇ ಕಲಿಯುವುದಿಲ್ಲವೆಂದಲ್ಲ. ವಿಜಯಪುರದ ಕಡೆಯವರೊಬ್ಬರು ರಾತ್ರಿ ಚೇಂಬರಿನಲ್ಲಿ ಹಳೆಯ ಶಿರಸ್ತೇದಾರರನ್ನು ಕೂರಿಸಿಕೊಂಡು ಅಡಂಗಲ್ ಎಂಬ ಹಳೆಯ ಜಮೀನು ಲೆಕ್ಕದ ದಾಖಲೆ ಓದುವುದನ್ನು ಕಲಿತರು, ಭಾನುವಾರ ಬೆಳ್ತಂಗಡಿಯ ಕಡೆ ಹೋಗಿ ಕುಮ್ಕಿ ಗುಡ್ಡ ಹತ್ತಿ ನೋಡಿ ಬಂದರು. ಎರಡನೇ ವರ್ಷದ ಹೊತ್ತಿಗೆ ಅವರ ತೀರ್ಪುಗಳನ್ನು ಇಲ್ಲಿನ ಹಿರಿಯ ವಕೀಲರು ಮೆಚ್ಚಿ ಓದುತ್ತಿದ್ದರು. ಮೂರನೇ ವರ್ಷದ ಬೇಸಿಗೆಯಲ್ಲಿ ವರ್ಗಾವಣೆಯಾಯಿತು. ಕಲಿತದ್ದೆಲ್ಲ ಅವರ ಜೊತೆಯೇ ಹೋಯಿತು. ಬಂದ ಹೊಸಬರು ‘ಕುಮ್ಕಿ ಎಂದರೇನು?’ ಎಂಬಲ್ಲಿಂದ ಶುರುಮಾಡಿದರು, ಕಲಿಸಲು ಆ ಶಿರಸ್ತೇದಾರರೂ ಆಗ ಇರಲಿಲ್ಲ. ಈ ವಿದ್ಯೆ ಬರಹದಲ್ಲಿ ಉಳಿಯುವ ವ್ಯವಸ್ಥೆ ನಮ್ಮಲ್ಲಿಲ್ಲ.

ಇನ್ನು ಕಾನೂನೇ ಬದಲಾದದ್ದು. 2024ರ ಜುಲೈ 1ರಂದು ಮೂರು ಹೊಸ ಸಂಹಿತೆಗಳು ಜಾರಿಯಾದಾಗ ನಾನಿನ್ನೂ ಕೆಲಸದಲ್ಲಿದ್ದೆ. ಕೊಲೆಗೆ 302 ಹೋಗಿ 103 ಬಂತು. ಆದರೆ ಜೂನ್ 30ರವರೆಗಿನ ಅಪರಾಧಕ್ಕೆ ಹಳೆಯ ದಂಡ ಸಂಹಿತೆಯೇ ಅನ್ವಯ, ಹಾಗಾಗಿ ಎರಡೂ ಅಕ್ಕಪಕ್ಕದಲ್ಲಿ ನಡೆಯುತ್ತಿವೆ, ಇನ್ನೂ ಬಹಳ ವರ್ಷ ನಡೆಯಲಿವೆ. ಮೊಬೈಲ್ ವಿಡಿಯೊ ಹಾಜರುಪಡಿಸುವುದಾದರೆ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಎರಡು ಭಾಗಗಳಲ್ಲಿರಬೇಕು, ಒಂದು ಹಾಜರುಪಡಿಸುವವರದ್ದು, ಇನ್ನೊಂದು ತಜ್ಞರದ್ದು, ಜೊತೆಗೆ ಕಡತದ ಬೆರಳಗುರುತಿನಂಥ ಹ್ಯಾಶ್ ಮೌಲ್ಯ. ನ್ಯಾಯಾಧೀಶರಿಗೆ ಇದರ ಪಾಠ ಆಯಿತು. ಪೆನ್‌ಡ್ರೈವನ್ನು ಕೈಗೆ ತೆಗೆದುಕೊಂಡು ಗುರುತು ಹಾಕಿ ಬೀಗದಲ್ಲಿಡುವ ಬೆಂಚ್ ಕ್ಲರ್ಕಿಗೆ, ಮುದ್ದೆಮಾಲು, ಅಂದರೆ ಪ್ರಕರಣದ ವಸ್ತುಗಳನ್ನು ನೋಡಿಕೊಳ್ಳುವವರಿಗೆ? ನಮ್ಮಲ್ಲಿ ಅದು ವಾಟ್ಸ್‌ಆ್ಯಪ್‌ನಲ್ಲಿ ಬಂದ ಒಂದು ಪಟ್ಟಿ, ಅಷ್ಟೇ. ಕೋರ್ಟುಗಳನ್ನು ಗಣಕೀಕರಿಸುವ ಇ-ಕೋರ್ಟ್ಸ್ ಯೋಜನೆಯ ಮೂರನೇ ಹಂತಕ್ಕೆ 7,210 ಕೋಟಿ ರೂಪಾಯಿ ಮಂಜೂರಾಗಿದೆ. ನೆರೆಯ ಕೇರಳದಲ್ಲಿ ಸಾಕ್ಷಿಯ ಮಾತನ್ನು ಕೇಳಿ ಅಕ್ಷರವಾಗಿಸುವ ತಂತ್ರಾಂಶ 2025ರ ನವೆಂಬರ್‌ನಿಂದ ಬಳಕೆಗೆ ಬಂದಿದೆ. ನಾಳೆ ಇಲ್ಲಿಗೂ ಬರಲಿ, ಬೇಡವೆನ್ನುವುದಿಲ್ಲ. ಆದರೆ ‘ಕೊರಿಯೆ’ಯ ಎರಡು ಸ್ವರಗಳನ್ನು ಯಂತ್ರ ಬೇರ್ಪಡಿಸಿತೇ ಎಂದು ನೋಡಿ ಹೇಳಲು ಅದರ ಪಕ್ಕದಲ್ಲಿ ಕಲಿತ ಕಿವಿಯೊಂದು ಇರಲೇಬೇಕು.

ಮಾನ್ಯರೇ, ಇದಕ್ಕೆ ಹೊಸ ಕಾನೂನು ಬೇಡ. ಸಂವಿಧಾನದ 235ನೇ ವಿಧಿ ಜಿಲ್ಲಾ ಮತ್ತು ಅಧೀನ ನ್ಯಾಯಾಲಯಗಳ ನಿಯಂತ್ರಣವನ್ನು ತಮ್ಮ ನ್ಯಾಯಾಲಯದ ಕೈಯಲ್ಲೇ ಇಟ್ಟಿದೆ. ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿಯವರ ಆಯೋಗ ನ್ಯಾಯಾಧೀಶರ ತರಬೇತಿಯ ಬಗ್ಗೆ ವಿಸ್ತಾರವಾಗಿ ಬರೆದದ್ದು 1999ರಲ್ಲಿ. ಕೆಳ ನ್ಯಾಯಾಲಯಗಳ ಸಿಬ್ಬಂದಿಯ ಸ್ಥಿತಿಗತಿಯನ್ನೂ ಅದೇ ಆಯೋಗ ಪ್ರತ್ಯೇಕವಾಗಿ ನೋಡಿತ್ತು. 2025ರ ಮೇ 20ರಂದು ಸುಪ್ರೀಂ ಕೋರ್ಟ್ ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷದ ವಕೀಲಿಕೆಯನ್ನು ಮತ್ತೆ ಕಡ್ಡಾಯ ಮಾಡಿತು, ಪೀಠದಲ್ಲಿ ಕೂರುವ ಮೊದಲು ಕನಿಷ್ಠ ಒಂದು ವರ್ಷದ ತರಬೇತಿ ಬೇಕೆಂದಿತು. ಆ ಒಂದು ವರ್ಷದಲ್ಲಿ ಕೆಲವು ವಾರಗಳನ್ನು ತಾವು ಜಿಲ್ಲೆಗಳಿಗೆ ಎತ್ತಿಡಬಹುದು. ಫ್ರಾನ್ಸಿನಲ್ಲಿ ಪ್ರತಿಯೊಬ್ಬ ನ್ಯಾಯಾಧೀಶರೂ ಸೇವೆಯ ಉದ್ದಕ್ಕೂ ವರ್ಷಕ್ಕೆ ಐದು ದಿನ ಕಲಿಯಲೇಬೇಕು. ಐದು ದಿನ ನಮಗೂ ದೊಡ್ಡ ಹೊರೆಯಾಗಲಾರದು.

ನಾನು ಕೇಳುವುದು ಇಷ್ಟು. ದಕ್ಷಿಣ ಕನ್ನಡಕ್ಕೋ ಉಡುಪಿಗೋ ವರ್ಗವಾಗಿ ಬರುವ ಪ್ರತಿ ನ್ಯಾಯಾಧೀಶರಿಗೆ, ಬೇಸಿಗೆ ರಜೆ ಮುಗಿದು ಕೋರ್ಟು ತೆರೆಯುವ ಮೊದಲು ಐದು ದಿನಗಳ ಸ್ಥಳೀಯ ಪಾಠವಾಗಲಿ. ಶಿರಸ್ತೇದಾರರು, ಬೆಂಚ್ ಕ್ಲರ್ಕುಗಳು, ಶೀಘ್ರಲಿಪಿಗಾರರು, ಅಮೀನರು ಅದೇ ಪಾಠಕ್ಕೆ ಬರಲಿ. ಅಮೀನರನ್ನು ದಯವಿಟ್ಟು ಬಿಡಬೇಡಿ. ಡಿಕ್ರಿಯ ಅಮಲ್ಜಾರಿಗೆ ಮನೆಬಾಗಿಲಿಗೆ ಹೋಗಿ ಬೈಗುಳ ಕೇಳುವವರು ಅವರು, ಜನ ಕೋರ್ಟಿನ ಮುಖ ನೋಡುವುದು ಮೊದಲು ಅವರಲ್ಲೇ. ಕಲಿಸುವವರನ್ನು ದೂರದಿಂದ ಕರೆತರಬೇಕಿಲ್ಲ. ನಿವೃತ್ತ ನ್ಯಾಯಾಧೀಶರಿದ್ದಾರೆ, ಮೂಲಗೇಣಿಯ ದಾವೆಗಳಲ್ಲಿ ತಲೆ ನರೆತ ವಕೀಲರಿದ್ದಾರೆ, ಭೂಮಾಪಕರಿದ್ದಾರೆ. ತುಳು, ಕೊಂಕಣಿ, ಬ್ಯಾರಿ ಸಾಹಿತ್ಯ ಅಕಾಡೆಮಿಗಳು ಮೂರೂ ಮಂಗಳೂರಿನಲ್ಲೇ ಇವೆ. ಉಡುಪಿಯಲ್ಲಿ, ಮಂಗಳೂರಿನಲ್ಲಿ ಹಳೆಯ ಕಾನೂನು ಕಾಲೇಜುಗಳಿವೆ, ರಜೆಯಲ್ಲಿ ಅವುಗಳ ಕೋಣೆಗಳು ಖಾಲಿ. ಆರು ಸಂಪುಟಗಳ ತುಳು ನಿಘಂಟು ತಯಾರಾದದ್ದೇ ಉಡುಪಿಯ ಗೋವಿಂದ ಪೈ ಸಂಶೋಧನಾ ಕೇಂದ್ರದಲ್ಲಿ. ಅದರ ಒಂದು ಪ್ರತಿ ಈ ಎರಡು ಜಿಲ್ಲೆಗಳ ಪ್ರತಿ ಕೋರ್ಟಿನ ಕಪಾಟಿನಲ್ಲಿರಲಿ.

ಪ್ರತಿ ಜಿಲ್ಲೆಯಲ್ಲಿ ತರಬೇತಿ ಪಡೆದ, ಶುಲ್ಕ ಸಿಗುವ ದುಭಾಷಿಗಳ ಪಟ್ಟಿ ಇರಲಿ, ಮಕ್ಕಳ ಪ್ರಕರಣಗಳಿಗೆ ಪ್ರತ್ಯೇಕವಾಗಿ. ಮುಖ್ಯವಾದ ಮಾತನ್ನು ಸಾಕ್ಷಿ ಆಡಿದಂತೆಯೇ ತುಳುವಿನಲ್ಲೋ ಕೊಂಕಣಿಯಲ್ಲೋ ಕನ್ನಡ ಲಿಪಿಯಲ್ಲಿ ಬರೆದು, ಅದರ ಕೆಳಗೆ ಭಾಷಾಂತರ ಕೊಡುವ ರೂಢಿ ಬರಲಿ. ‘ಕೊರಿಯೆ’ಯಂಥ ಕಡೆ ಯಾರು ಎಂದು ಕೇಳಿ ಸ್ಪಷ್ಟಪಡಿಸಿಕೊಂಡದ್ದೂ ದಾಖಲಾಗಲಿ. ಮೇಲ್ಮನವಿಯಲ್ಲಿ ಓದುವವರಿಗೆ ಆಗ ಮೂಲ ಮಾತು ಕಣ್ಣೆದುರಿಗೇ ಇರುತ್ತದೆ. ಮತ್ತು ಸಿಬ್ಬಂದಿಗೆ ಒಂದು ಅಧಿಕಾರ ಬೇಕು. ದಾಖಲೆಯಲ್ಲಿ ತಪ್ಪು ನುಸುಳುತ್ತಿದೆ ಎಂದು ಕಂಡರೆ ಎದ್ದು, ಗೌರವದಿಂದ ಹೇಳುವ ಅಧಿಕಾರ. ಹಾಗೆ ಹೇಳುವುದು ಅವಿಧೇಯತೆಯಲ್ಲ ಎಂದು ನ್ಯಾಯಾಧೀಶರಿಗೂ ನಮಗೂ ಒಟ್ಟಿಗೆ, ಒಂದೇ ಕೋಣೆಯಲ್ಲಿ ತಿಳಿಸಿಕೊಡಿ.

ವಕೀಲರ ಬಗ್ಗೆ ಬರೆಯುವ ಅಧಿಕಾರ ನನಗಿಲ್ಲ. ವಕೀಲರ ಪರಿಷತ್ತಿನ ಪರೀಕ್ಷೆ ಒಮ್ಮೆ ಪಾಸಾದರೆ ಮತ್ತೆ ಜೀವಮಾನದಲ್ಲಿ ಕಡ್ಡಾಯ ಕಲಿಕೆ ಇಲ್ಲವೆಂಬುದು ಮಾತ್ರ ನನಗೆ ಸರಿ ಕಾಣುವುದಿಲ್ಲ.

ನೌಕರಿಯ ವರ್ಷಗಳಲ್ಲಿ ನಾನೊಂದು ನೋಟ್‌ಬುಕ್ ಇಟ್ಟುಕೊಂಡಿದ್ದೆ. ಕೋರ್ಟಿನಲ್ಲಿ ಕೇಳಿದ, ಅರ್ಥ ತಪ್ಪಿದ, ತಪ್ಪಬಹುದಾಗಿದ್ದ ಪದಗಳನ್ನು ಅದರಲ್ಲಿ ಬರೆಯುತ್ತಿದ್ದೆ: ತೋಟದ ಪದಗಳು, ಮೀನುಗಾರಿಕೆಯ ಪದಗಳು, ನೆಂಟಸ್ತಿಕೆಯ ಪದಗಳು, ಬೈಗುಳಗಳು. ಕಕ್ಷಿದಾರರ ಹೆಸರು, ಪ್ರಕರಣದ ಸಂಖ್ಯೆ ಯಾವುದೂ ಇಲ್ಲ. ನಾಲ್ಕು ನೂರರಷ್ಟು ಪದಗಳಿವೆ, ಇನ್ನೂ ಅಕ್ಷರಮಾಲೆಯ ಕ್ರಮಕ್ಕೆ ಬಂದಿಲ್ಲ. ಅಕಾಡೆಮಿ ಒಪ್ಪುವುದಾದರೆ ಈ ಮಳೆಗಾಲದಲ್ಲಿ ಕೂತು ಸರಿಪಡಿಸಿ, ಬೆರಳಚ್ಚು ಮಾಡಿ ಕಳುಹಿಸುತ್ತೇನೆ. ಮೊದಲ ಪಾಠಕ್ಕೆ ಕರೆದರೆ ಮಂಗಳೂರಿಗಾಗಲಿ, ಕುಂದಾಪುರಕ್ಕಾಗಲಿ ಬಸ್ಸು ಹತ್ತಿ ಬರುತ್ತೇನೆ. ಸಂಭಾವನೆ ಬೇಡ.

ತಮ್ಮ ವಿಶ್ವಾಸಿ,
ನಿವೃತ್ತ ಶೀಘ್ರಲಿಪಿಗಾರ್ತಿ
ಉಡುಪಿ